ಹಳದಿ ಗೀಟು

ನಂದೀಶನಿಗೆ,

ಮಾಕಳಿಯಿಂದ ಸೊಣ್ಣಪ್ಪ ಬರೆಯುತ್ತಿದ್ದೇನೆ. ಕ್ಷೇಮ ಕೇಳುವುದಿಲ್ಲ. ನೀನು ಚೆನ್ನಾಗಿದ್ದೀಯ ಎಂದು ಪಟ್ಟಂದೂರು ಅಗ್ರಹಾರದಿಂದ ಬಂದವರೆಲ್ಲ ಹೇಳುತ್ತಾರೆ. ಗ್ಯಾರೇಜಿಗೆ ಹೊಸ ಬೋರ್ಡು, ಕಾರು ಎತ್ತುವ ಎರಡು ಲಿಫ್ಟು, ಬಾಗಿಲಲ್ಲಿ ಐಟಿ ಪಾರ್ಕಿನವರ ಕಾರುಗಳ ಸಾಲು. ಹಳೆಯ ಬೋರ್ಡಿನಲ್ಲಿ ನನ್ನ ಹೆಸರು ಮೇಲೆ, ನಿನ್ನದು ಕೆಳಗೆ ಇತ್ತು. ಅದನ್ನು ಇಳಿಸಿ ಏನು ಮಾಡಿದೆಯೋ ಕಾಣೆ. ನಾಲ್ಕು ವರ್ಷ ನಿನಗೆ ಒಂದು ಫೋನೂ ಮಾಡದವನು ಈಗ ಕಾಗದ ಹಿಡಿದು ಕೂತಿದ್ದೇನೆ.

ಹೋದ ತಿಂಗಳು ವೀರೇಶ್ ಎಂಬ ಫ್ಯಾಕ್ಟರಿ ಸೂಪರ್‌ವೈಸರ್ ಒಂದು ಹಳೆಯ ಬಿಳಿ ಕಾರನ್ನು ನನ್ನ ಶೆಡ್ಡಿಗೆ ತಂದರು. ಈಗಷ್ಟೇ ಕೊಂಡದ್ದು, ಬ್ರೇಕ್ ಪೆಡಲ್ ಮೆತ್ತಗಿದೆ, ಎರಡು ಸಲ ತುಳಿದರೆ ಹಿಡಿಯುತ್ತದೆ ಎಂದರು. ನಂಬರ್ ನೋಡಿ ನನ್ನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು. ನಾಗಲಕ್ಷ್ಮಮ್ಮನವರ ಕಾರು. ನಮ್ಮಿಬ್ಬರ ಗ್ಯಾರೇಜಿಗೆ ತಮ್ಮ ಜಾಗ ಕೊಟ್ಟ ತಾಯಿ. ಗಂಡ ತೀರಿಕೊಂಡ ಮೇಲೆ, ಐವತ್ತೈದು ದಾಟಿದ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಆನೇಕಲ್ ಸಂತೆಗೆ ತಾವೇ ಓಡಿಸಿಕೊಂಡು ಹೋಗುತ್ತಿದ್ದರಲ್ಲ, ಅದೇ ಕಾರು. ಅಪಘಾತದ ಮೇಲೆ ಅದಕ್ಕೆ ಟಾರ್ಪಾಲು ಹೊದಿಸಿ ಅಂಗಳದಲ್ಲೇ ನಿಲ್ಲಿಸಿದ್ದರಂತೆ. ಈಗ ಮಗ ಮನು ಮಾರಿದ್ದಾನೆ.

ಅಪಘಾತದ ಹಿಂದಿನ ಸಂಜೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಂದಿನ ಚಕ್ರಗಳ ಬ್ರೇಕ್ ಹಿಡಿಯುವ ಎರಡು ಕ್ಯಾಲಿಪರ್ ಬಿಚ್ಚಿ, ಸೀಲು ಬದಲಿಸಿ, ಮತ್ತೆ ಕೂರಿಸಿದವನು ನೀನು. ಬ್ರೇಕ್ ಎಣ್ಣೆಯಲ್ಲಿ ಸಿಕ್ಕಿದ ಗಾಳಿ ತೆಗೆಯುವಾಗ ಮಾತ್ರ ನಾನು ಸೀಟಿನಲ್ಲಿ ಕೂತು ಪೆಡಲ್ ತುಳಿದೆ. ಎಷ್ಟು ಸಲ ತುಳಿದರೂ ಕಾಲಿಗೆ ಗಟ್ಟಿ ಸಿಗಲಿಲ್ಲ. ಗಾಡಿ ಕೊಡಬೇಡ, ಬೆಳಗ್ಗೆ ನಾನೇ ನೋಡುತ್ತೇನೆ ಎಂದು ಎರಡೆರಡು ಸಲ ಹೇಳಿದೆ. ಮನೆಗೆ ನನ್ನ ಮಗಳು ದಿವ್ಯಾಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. "ನೀನ್ ಹೋಗಣ್ಣ, ನಾನ್ ನೋಡ್ಕೊತೀನಿ" ಅಂದೆ ನೀನು. ನೋಡಿಕೊಂಡ ಚೆಂದ ಇದು: ನಾನು ಬೀದಿ ದಾಟುವಷ್ಟರಲ್ಲಿ ಕೀ ನಾಗಲಕ್ಷ್ಮಮ್ಮನವರ ಕೈಗೆ ಕೊಟ್ಟಿದ್ದೆ ನೀನು. ಮರುದಿನ ಬೆಳಗ್ಗೆ ಅವರು ತಮ್ಮದೇ ಗೇಟಿನ ಕಂಬಕ್ಕೆ ಗುದ್ದಿದರು. ಬಲ ಮಂಡಿ ಪುಡಿಯಾಯಿತು.

ಆಸ್ಪತ್ರೆಯಲ್ಲಿ ಅವರು ಬ್ರೇಕ್ ಯಾರು ಮಾಡಿದ್ದು ಎಂದು ಕೇಳಿದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ನೀನು ನನ್ನ ಮುಖ ನೋಡಿಕೊಂಡೇ ಹೇಳಿದೆ. "ಬ್ರೇಕ್ ಕೆಲ್ಸ ಎಲ್ಲಾ ಸೊಣ್ಣಪ್ಪಣ್ಣಂದೇ ಅಕ್ಕ."

ನಾನು ಅಲ್ಲ ಎಂದೆ. ಯಾರು ನಂಬಬೇಕು? ನನ್ನ ಅಂಗಡಿಯಲ್ಲಿ ಬ್ರೇಕಿಗೆ ಬೇರೆಯವರನ್ನು ಕೈ ಹಾಕಲು ಬಿಡುವುದಿಲ್ಲ ಎಂದು ಮೂವತ್ತು ವರ್ಷ ಬೀದಿಗೆಲ್ಲ ಕೇಳುವ ಹಾಗೆ ಜಂಭ ಕೊಚ್ಚಿಕೊಂಡವನು ನಾನೇ. ಆ ಜಂಭವನ್ನೇ ಹಿಡಿದು ನನ್ನ ಕತ್ತಿಗೆ ಬಿಗಿದೆ ನೀನು. ನಾಗಲಕ್ಷ್ಮಮ್ಮ ನನಗೆ, ನಿನ್ನ ಕೈ ಮುಟ್ಟಿದ ಗಾಡಿ ನಮ್ಮ ಬೀದಿಗೆ ಬರಬಾರದು ಎಂದರು. ಟೂಲ್ ಬಾಕ್ಸ್ ಎತ್ತಿಕೊಂಡು ಮಾಕಳಿಗೆ ಬಂದೆ. ಒಂದು ವರ್ಷ ಆಯಿಲ್ ಬದಲಿಸುವುದು, ಪಂಕ್ಚರ್ ಹಾಕುವುದು ಬಿಟ್ಟು ಬೇರೆ ಮಾಡಲಿಲ್ಲ. ಇನ್ನೊಂದು ಮಾತು ಕೇಳು, ಇದನ್ನು ಹೆಂಡತಿಗೂ ಹೇಳಿಲ್ಲ. ಎರಡನೇ ವರ್ಷದ ಹೊತ್ತಿಗೆ, ತಪ್ಪು ನನ್ನದೇ ಇರಬಹುದೇನೋ ಎಂದು ನಾನೇ ನಂಬತೊಡಗಿದ್ದೆ. ನಿನ್ನನ್ನು ಕ್ಷಮಿಸದಿರುವುದು ಅದಕ್ಕೆ.

ವೀರೇಶರ ಮುಂದೆ ಕಾರನ್ನು ಎತ್ತಿ ನಿಲ್ಲಿಸಿದೆ. ಆಯಿಲ್ ಮಟ್ಟ ಸರಿಯಿತ್ತು, ಎಲ್ಲೂ ಸೋರಿಲ್ಲ. ಪೆಡಲ್ ತುಳಿದು ಹಿಡಿದರೆ ಇಳಿಯದೆ ಅಲ್ಲೇ ನಿಲ್ಲುತ್ತಿತ್ತು, ಅಂದರೆ ಎಣ್ಣೆ ನೂಕುವ ಮಾಸ್ಟರ್ ಸಿಲಿಂಡರ್ ಗಟ್ಟಿ. ರಬ್ಬರ್ ಹೋಸು ಉಬ್ಬಿಲ್ಲ, ಹಿಂದಿನ ಡ್ರಮ್ಮು ಸರಿ. ಹಾಗಾದರೆ ಒಳಗೆ ಗಾಳಿ. ಮೂರು ಸಲ ಗಾಳಿ ತೆಗೆದೆವು. ಟ್ಯೂಬಿನಲ್ಲಿ ಒಂದು ಗುಳ್ಳೆಯೂ ಬರಲಿಲ್ಲ, ಪೆಡಲ್ ಮಾತ್ರ ಹಾಗೇ ಮೆತ್ತಗೆ. ಬೇಸತ್ತು ಚಕ್ರದ ಪಕ್ಕ ಅಂಗಾತ ಮಲಗಿದಾಗ ಕಂಡಿತು. ಮೇಲೆ ಇರಬೇಕಾದ, ಗಾಳಿ ಬಿಡುವ ನಿಪ್ಪಲ್ ಕ್ಯಾಲಿಪರಿನ ತಳದಲ್ಲಿತ್ತು. ಆಚೆ ಚಕ್ರಕ್ಕೆ ಓಡಿದೆ, ಅಲ್ಲೂ ತಳದಲ್ಲೇ. ಎಡಗಡೆಯದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿದ್ದೆ ನೀನು. ಗಾಳಿ ಮೇಲೆ ಕೂತಿದ್ದರೆ, ತಳದ ತೂತಿನಿಂದ ನೂರು ಸಲ ಎಣ್ಣೆ ಬಿಟ್ಟರೂ ಅದು ಹೇಗೆ ಹೊರಗೆ ಬರಬೇಕು?

ಟಾರ್ಚು ಹಿಡಿದೆ. ಕ್ಯಾಲಿಪರ್ ಹಿಡಿದ ನಾಲ್ಕೂ ಬೋಲ್ಟಿನ ಮೇಲೆ ಹಳದಿ ಗೀಟು.

ಪೀಣ್ಯದ ಅಸೆಂಬ್ಲಿ ಲೈನಿನಿಂದ ನನ್ನ ಹತ್ತಿರ ಕೆಲಸಕ್ಕೆ ಬಂದವನು ನೀನು. ಅಲ್ಲಿಯ ಅಭ್ಯಾಸ ಬಿಡಲಿಲ್ಲ. ಬಿಗಿ ಮಾಡಿದ ಪ್ರತಿ ಬೋಲ್ಟಿಗೂ ಪೇಂಟ್ ಪೆನ್ನಿನಲ್ಲಿ, ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಒಂದು ಗೀಟು. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೀಟು ಮುರಿಯುತ್ತದೆ. ಒಂದೂ ಮುರಿದಿರಲಿಲ್ಲ. ಆ ಸಂಜೆಯಿಂದ ಯಾರೂ ಅವನ್ನು ಮುಟ್ಟಿಲ್ಲ. ಅಂಥ ಪೆನ್ನನ್ನು ನಾನು ಜನ್ಮದಲ್ಲಿ ಹಿಡಿದವನಲ್ಲ ಎಂಬುದು ಇಡೀ ಅಗ್ರಹಾರಕ್ಕೆ ಗೊತ್ತು. ಕಾರಿನ ಕೆಳಗೆ ಮಲಗಿಕೊಂಡೇ ನಕ್ಕೆ. ನಾಲ್ಕು ವರ್ಷದಲ್ಲಿ ಅಷ್ಟು ಖುಷಿ ನನಗೆ ಆಗಿರಲಿಲ್ಲ.

ಸರಿಮಾಡಲು ಒಂದು ಗಂಟೆ ಸಾಕಿತ್ತು. ಮಾಡಲಿಲ್ಲ. ವೀರೇಶರಿಗೆ ಎಲ್ಲ ಹೇಳಿ ಎರಡು ದಿನ ಕೇಳಿಕೊಂಡೆ, ಒಳ್ಳೆಯ ಮನುಷ್ಯ, ಒಪ್ಪಿದರು. ಮನುವಿಗೆ ಫೋನು ಮಾಡಿ ತಾಯಿಯನ್ನು ಕರೆದುಕೊಂಡು ಬಾ ಎಂದೆ. ಬರುವುದಿಲ್ಲ ಎಂದರಂತೆ. ಕೊನೆಗೆ ಕೋಲು ಊರಿಕೊಂಡು, ನನ್ನ ಮುಖ ನೋಡದೆ ಬಂದು ನಿಂತರು. ಮೊದಲು ಬೋಲ್ಟು ತೋರಿಸಿದೆ. ಮನು ಬಗ್ಗಿ ನೋಡಿ, ನಮ್ಮನೆ ಮೋಟರಿಗೆ ನಂದೀಶ ಎಳೆದಿರುವ ಗೀಟೂ ಇದೇ ಎಂದ. ಕ್ಯಾಲಿಪರುಗಳನ್ನು ತಾಯಿಯ ಕಣ್ಣೆದುರೇ ಬಿಚ್ಚಿ ಅದಲು ಬದಲು ಮಾಡಿ ಕೂರಿಸಿದೆ. ಪೆಡಲ್ ತುಳಿಯಲು ಒಬ್ಬರು ಬೇಕಿತ್ತು. ವೀರೇಶ್ ಮುಂದೆ ಬಂದರೆ ನಾಗಲಕ್ಷ್ಮಮ್ಮ ಕೈ ಅಡ್ಡ ಹಿಡಿದು ತಾವೇ ಸೀಟಿಗೆ ಏರಿದರು. ರಾಡು ಹಾಕಿದ ಆ ಕಾಲಿನಲ್ಲೇ ತುಳಿದರು. ನಾನು ಹಿಡ್ಕಳಿ ಅಂದಾಗ ಹಿಡಿದರು, ಬಿಡಿ ಅಂದಾಗ ಬಿಟ್ಟರು. ಟ್ಯೂಬಿನಲ್ಲಿ ಗುಳ್ಳೆ ಬುಳುಬುಳು ಬಂತು. ಹತ್ತನೆಯ ಸಲಕ್ಕೋ ಏನೋ ಪೆಡಲ್ ಅವರ ಕಾಲ ಕೆಳಗೆ ಗಟ್ಟಿಯಾಗಿ ನಿಂತಿತು. ಅವರು ಕಾಲು ತೆಗೆಯಲೇ ಇಲ್ಲ. ತುಳಿದುಕೊಂಡೇ, "ಅವತ್ತು ಇಂಗಿರ್ನಿಲ್ಲ ಸೊಣ್ಣಪ್ಪ" ಅಂದರು. ನನ್ನ ಹೆಸರು ಅವರ ಬಾಯಲ್ಲಿ ಕೇಳಿ ಅತ್ತೆ. ನಾಚಿಕೆ ಏನಿಲ್ಲ.

ಅವನನ್ನು, ಅಂದರೆ ನಿನ್ನನ್ನು, ಏನು ಮಾಡೋಣ ಎಂದು ಕೇಳಿದರು. ಎಡಬಲ ತಪ್ಪುವುದು ಯಾರಿಗಾದರೂ ಆಗುತ್ತದೆ, ನನ್ನ ಕೈಯಲ್ಲೂ ಆಗಬಹುದಿತ್ತು, ಆಸ್ಪತ್ರೆಯಲ್ಲಿ ಹೇಳಿದ ಮಾತು ಮಾತ್ರ ಕೈತಪ್ಪಿ ಆದದ್ದಲ್ಲ ಎಂದೆ. ಅಷ್ಟೇ ಹೇಳಿದೆ. ಬಿಟ್ಟುಬಿಡಿ ಎಂದು ಹೇಳಲಿಲ್ಲ.

ಈ ಕಾಗದ ಅಂಚೆಯಲ್ಲಿ ಬಂದಿಲ್ಲ, ನೋಡಿದೆಯಲ್ಲ. ತಂದುಕೊಟ್ಟ ನಾಗಲಕ್ಷ್ಮಮ್ಮ ನಿನ್ನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತಿದ್ದಾರೆ. ಕೈಬರಹ ಈಗ ಅವರ ಕಣ್ಣಿಗೆ ಹತ್ತುವುದಿಲ್ಲ, ಅದಕ್ಕೇ "ಏನ್ ಬರ್ದವ್ನೆ, ಗಟ್ಟಿಯಾಗ್ ಓದು" ಎಂದು ನಿನಗೆ ಹೇಳುತ್ತಾರೆ. ಬರೆದು ಮುಗಿಸಿ ಎರಡು ಸಲ ನಾನೇ ಅವರಿಗೆ ಓದಿ ಹೇಳಿದ್ದೇನೆ. ಪ್ರತಿ ಸಾಲೂ ಅವರಿಗೆ ಬಾಯಿಪಾಠ. ಆಸ್ಪತ್ರೆಯ ಮಾತು ಬಂದ ಕಡೆ ನೀನು ಹಾರಿಸಿದೆಯೋ, ಓದಿದೆಯೋ, ಅದನ್ನು ನೋಡಿಕೊಂಡು ಗ್ಯಾರೇಜಿನ ಜಾಗದ ಬೀಗದ ಕೈ ಯಾರ ಹತ್ತಿರ ಇರಬೇಕೆಂದು ತೀರ್ಮಾನಿಸುತ್ತಾರಂತೆ.

ಹಾರಿಸಿದ್ದರೆ ಈಗಲೇ ತಲೆ ಎತ್ತಿ ಅವರ ಮುಖ ನೋಡು.

ನಿನಗೆ ಆಯಸ್ಸು ಗಟ್ಟಿಯಾಗಿರಲಿ, ನೆನಪೂ ಅಷ್ಟೇ ಗಟ್ಟಿಯಾಗಿರಲಿ.

ಸೊಣ್ಣಪ್ಪ