ಬಂಕ್ ಹತ್ತಿರ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತಿಗೆ,

ಹೇಗಿದ್ದೀರಿ? ಮೊಣಕೈ ಈಗ ಪೂರ್ತಿ ಮಡಚಲು ಬರುತ್ತದೆಯೇ, ಇಲ್ಲ ಇನ್ನೂ ಎಡಗೈಯಲ್ಲೇ ತಲೆ ಬಾಚಿಕೊಳ್ಳುತ್ತೀರಾ? ಹೊತ್ತುಹೊತ್ತಿಗೆ ಊಟ ಮಾಡಿ. ನಿಮ್ಮ ತವರಿನವರು ಒತ್ತಾಯ ಮಾಡಿ ಬಡಿಸುವ ಪೈಕಿಯಲ್ಲ ಎಂದು ನನಗೆ ಗೊತ್ತು. ಮಂಡಿನೋವು ಬಿಟ್ಟರೆ ಅಮ್ಮ ಚೆನ್ನಾಗಿದ್ದಾಳೆ. ದಿನಕ್ಕೊಮ್ಮೆ ನನ್ನ ಮೇಲೆ ಹರಿಹಾಯುತ್ತಾಳೆ, ಆಮೇಲೆ ತಾನೇ ಬಂದು ಮಾತಾಡಿಸುತ್ತಾಳೆ.

ನಾನು ಕೆಲಸ ಬದಲಿಸಿದ್ದು ನಿಮಗೆ ಗೊತ್ತಿಲ್ಲ. ಈಗ ನಗರದ ರಸ್ತೆ ಸುರಕ್ಷತಾ ವಿಭಾಗದಲ್ಲಿದ್ದೇನೆ. ಠಾಣೆಗಳಿಂದ ಬರುವ ಅಪಘಾತದ ವರದಿ ಓದಿ, ಕಂಪ್ಯೂಟರಿನ ನಕ್ಷೆಯಲ್ಲಿ ಒಂದೊಂದಕ್ಕೂ ಒಂದು ಕೆಂಪು ಚುಕ್ಕೆ ಇಡುವುದು ನನ್ನ ಕೆಲಸ. ಚುಕ್ಕೆ ಹೆಚ್ಚಾದ ಕಡೆ ಎಂಜಿನಿಯರುಗಳು ಹೋಗಿ ದೀಪ, ಉಬ್ಬು, ಬೇಲಿ ಹಾಕುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಆ ನಕ್ಷೆಯಲ್ಲಿ ಅಣ್ಣನನ್ನು ಹುಡುಕಿದೆ. ಬೇಡ ಎಂದುಕೊಂಡರೂ ಕೈ ಕೇಳಲಿಲ್ಲ. ಹೊರವರ್ತುಲ ರಸ್ತೆಯ ಪೆಟ್ರೋಲ್ ಬಂಕಿನ ಮೇಲಿದ್ದ. ಅವನೊಬ್ಬನೇ ಅಲ್ಲ, ಅವನ ಮೇಲೆ, ಕೆಳಗೆ ಇನ್ನೆಷ್ಟೋ ಜನ. ನಕ್ಷೆಯನ್ನು ಎಷ್ಟು ಹಿಗ್ಗಿಸಿದರೂ ಚುಕ್ಕೆಗಳು ಬಿಡಿಬಿಡಿಯಾಗಲಿಲ್ಲ. ನಾಲ್ಕು ಜನ ನೆಂಟರು ಬಂದರೆ ಸಾಕು, ಗದ್ದಲ ತಾಳದೆ ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದ ಅಣ್ಣ ಅವನು. ಗುರುತಿಲ್ಲದವರ ನಡುವೆ ಹಾಗೆ ಸಿಕ್ಕಿಕೊಂಡಿದ್ದ. ಅಂದಿನಿಂದ ಆ ಬಂಕಿಗೆ ಹೋಗುವುದನ್ನೇ ಬಿಟ್ಟಿದ್ದೇನೆ. ಗಾಳಿ ತುಂಬುವ ಮೂಲೆಯಲ್ಲಿ ಅವರೆಲ್ಲ ನಿಂತು, ಯಾರಾದರೂ ಬಂದು ಕರೆದುಕೊಂಡು ಹೋಗಲಿ ಎಂದು ಕಾಯುತ್ತಿದ್ದಾರೆ ಅನಿಸುತ್ತದೆ. ಹುಚ್ಚು ಅಂದುಕೊಳ್ಳಿ. ನನಗೆ ನಿಜವಾಗಿಯೂ ಹೆದರಿಕೆಯಾಗುತ್ತದೆ.

ಆದರೆ ಅಷ್ಟು ಜನ ಒಂದೇ ಗೇಣು ಜಾಗದಲ್ಲಿ ಬೀಳಲು ಹೇಗೆ ಸಾಧ್ಯ? ವರದಿಗಳನ್ನು ಮತ್ತೆ ತೆಗೆದೆ. ಎಲ್ಲದರಲ್ಲೂ "ಬಂಕ್ ಹತ್ತಿರ" ಎಂದೇ ಇದೆ. ಆ ರಸ್ತೆಯಲ್ಲಿ ಗುರುತು ಹೇಳಲು ಇರುವುದು ಅದೊಂದೇ, ಪೊಲೀಸರಾದರೂ ಇನ್ನೇನು ಬರೆಯುತ್ತಾರೆ? ನಾವೂ ಹಾಗೇ ತಾನೇ ವಿಳಾಸ ಹೇಳುವುದು. ನಮ್ಮ 'ಹತ್ತಿರ' ಕೂಗಳತೆಯೂ ಆಗುತ್ತದೆ, ಎರಡು ಬಸ್ ಸ್ಟಾಪಿನಷ್ಟು ದೂರವೂ ಆಗುತ್ತದೆ. ಕಂಪ್ಯೂಟರಿಗೆ ಮಾತ್ರ ಆ ಪದ ಅರ್ಥವಾಗುವುದಿಲ್ಲ. ಅದು 'ಹತ್ತಿರ'ವನ್ನು ಉದುರಿಸಿ ಎಲ್ಲರನ್ನೂ ಬಂಕಿನ ನೆತ್ತಿಗೇ ತಂದು ಕೂರಿಸಿದೆ. ಎಂಜಿನಿಯರುಗಳು ಅಲ್ಲೇ ದೀಪದ ಮೇಲೆ ದೀಪ ಹಾಕಿಕೊಂಡು ಕೂತಿದ್ದಾರೆ. ಆಂಬುಲೆನ್ಸುಗಳು ನಿಂತ ಜಾಗಗಳ ಮಾಹಿತಿ ತರಿಸಿ ಹೊಂದಿಸಿ ನೋಡಿದೆ. ಒಂದೂ ಬಂಕಿನಲ್ಲಿ ನಿಂತಿಲ್ಲ. ಎಲ್ಲವೂ ಅದರಾಚೆ, ಗೋದಾಮಿನ ಗೋಡೆಯ ತಿರುವಿನಲ್ಲಿ ನಿಂತಿವೆ.

ಹೋಗಿ ನೋಡಿದೆ ಅತ್ತಿಗೆ. ತಿರುವಿನಲ್ಲಿ ರಸ್ತೆ ಒಳಕ್ಕೆ ವಾಲಿರಬೇಕು, ಅಲ್ಲಿ ಹೊರಕ್ಕೆ ವಾಲಿದೆ. ಕಣ್ಣಿಗೆ ಕಾಣುವುದಿಲ್ಲ. ನೀರಿನ ಬಾಟಲಿ ಮಲಗಿಸಿದೆ, ತಾನಾಗಿ ಉರುಳಿಕೊಂಡು ಗೋಡೆಗೆ ಹೋಯಿತು. ಅಂದು ಆಸ್ಪತ್ರೆಯಲ್ಲಿ ನೀವು "ಗಾಡಿ ನನ್ನ ಕೈಲೇ ಇತ್ತು, ರಸ್ತೆನೇ ಜಾರ್ಕೊಂಡು ಹೋಯ್ತು" ಅಂದಿರಿ. ಇನ್‌ಸ್ಪೆಕ್ಟರು "ಬಂಕ್ ಹತ್ರ ರಸ್ತೆ ನೆಟ್ಟಗಿದೆಯಲ್ಲಮ್ಮಾ" ಅಂದರು. ಆಮೇಲೆ ನೀವು ಆ ಮಾತೇ ಬಿಟ್ಟಿರಿ. "ನಂಗೇ ತೂಕಡಿಕೆ ಬಂದಿತ್ತೇನೋ" ಎನ್ನತೊಡಗಿದಿರಿ, ಹಾಗೆ ಹೇಳಿ ಹೇಳಿ ನಂಬಿಯೂ ಬಿಟ್ಟಿರಿ. ಹಿಂದೆ ಕೂತ ಅಣ್ಣ "ಪೈಲಟ್ ಇರೋವಾಗ ನಂಗೇನು ಚಿಂತೆ" ಎನ್ನುತ್ತಿದ್ದನಲ್ಲ, ಸರಿಯಾಗಿಯೇ ಹೇಳುತ್ತಿದ್ದ. ನಿಮ್ಮದೇನೂ ತಪ್ಪಿರಲಿಲ್ಲ. ಅಮ್ಮನಿಗೆ ತಿಳಿಸಿದೆ, "ಮೊದ್ಲು ಅವಳಿಗೆ ಹೇಳು" ಅಂದಳು.

ಚುಕ್ಕೆಗಳನ್ನೆಲ್ಲ ತಿರುವಿಗೆ ಸರಿಸಿದ್ದೇನೆ. ಅಣ್ಣನನ್ನು ಕೊನೆಗೆ ಸರಿಸಿದೆ. ಆ ಕತ್ತಲ ಗೋಡೆಯ ಪಕ್ಕ ಅವನನ್ನು ಬಿಟ್ಟು ಬರಲು ಮನಸ್ಸೇ ಆಗಲಿಲ್ಲ. ರಸ್ತೆ ಕಿತ್ತು ಹೊಸದಾಗಿ ಹಾಕಲು ಒಪ್ಪಿಗೆ ಸಿಕ್ಕಿದೆ, ಮುಂದಿನ ತಿಂಗಳು ಕೆಲಸ ಶುರು.

ಅಮ್ಮನ ಆಶೀರ್ವಾದ, ಜೊತೆಗೆ ಒಂದು ಸಾಲೂ ಬರೆಯದ ನಿಮ್ಮ ಮೇಲೆ ನನ್ನ ಒಂದಿಷ್ಟು ಮುನಿಸು.

ನಿಮ್ಮ ನಾದಿನಿ,
ಬಾಯಿಬಡುಕಿ

ಮತ್ತೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಠಾಣೆಯಿಂದ ಫೋನ್ ಬಂತು, ಆಸ್ಪತ್ರೆಗೆ ಹೋಗಿ ಈಗಷ್ಟೇ ಬಂದೆ. ಅದೇ ತಿರುವು. ಗಾಡಿ ಓಡಿಸುತ್ತಿದ್ದ ಹುಡುಗಿ ಬದುಕಿದ್ದಾಳೆ, ಹಿಂದೆ ಕೂತಿದ್ದ ತಂಗಿ ಉಳಿಯಲಿಲ್ಲ. "ನಾನೇ ಕೊಂದೆ" ಎನ್ನುತ್ತಿದ್ದಾಳೆ. ನಕ್ಷೆ, ರಸ್ತೆ ಎಲ್ಲ ಬಿಡಿಸಿ ಹೇಳಿದೆ, ಆ ಕಡೆ ಹೊರಳಿ ಮಲಗಿಬಿಟ್ಟಳು. ನಾನು ಹೇಳಿದರೆ ಅದು ಬರೀ ಸಮಾಧಾನದ ಮಾತು. ನೀವು ಹೇಳಿದರೆ ನಂಬುತ್ತಾಳೆ. ಕಾಗದ ಸಿಕ್ಕ ಕೂಡಲೇ ಮೊದಲ ಬಸ್ಸಿಗೆ ಹೊರಟು ಬನ್ನಿ ಅತ್ತಿಗೆ, ಬಸ್ ನಿಲ್ದಾಣದಿಂದ ಕರೆದುಕೊಂಡು ಹೋಗಲು ನಾನೇ ಬರುತ್ತೇನೆ.