ಕತ್ತೆಯ ಪಾತ್ರದಲ್ಲಿ ನಮ್ಮತ್ತೆ

ನನ್ನ ಮುದ್ದಿನ ಅತ್ತೆಗೆ,

ನಿನ್ನ ಅಣ್ಣನ ಮಗಳ ನಮಸ್ಕಾರ. ಇದನ್ನು ಕೂತು ಓದು. ನಿಂತು ಓದಿದರೆ ಕುಣಿದುಬಿಡುತ್ತೀಯ, ನಿನ್ನ ಮಂಡಿಯ ಕತೆ ನನಗೆ ಗೊತ್ತು.

“ಆಫೀಸಲ್ಲಿ ಏನೇ ಮಾಡ್ತೀಯ?” ಎಂದು ಕೇಳುತ್ತಿರುತ್ತೀಯಲ್ಲ? ಹಳೆಯ ಸಿನಿಮಾ, ರೇಡಿಯೋ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ಮನೆಯಲ್ಲೇ ಓದುವಂತೆ ಇಂಟರ್‌ನೆಟ್ಟಿಗೆ ಹಾಕುತ್ತೇನೆ. ಒರಟಾಗಿ ಮುಟ್ಟಿದರೆ ಪುಟ ಪುಡಿಯಾಗುತ್ತದೆ. ಕೂಸಿನ ಉಗುರು ಕತ್ತರಿಸಿದಷ್ಟು ನಾಜೂಕಿನ ಕೆಲಸ. ಹೋದ ತಿಂಗಳು ರೇಡಿಯೋ ಪತ್ರಿಕೆಯೊಂದರ ಪುಟ ತಿರುಗಿಸಿದರೆ ಎದುರಿಗೆ ನೀನು! ಎರಡು ಜಡೆ, ಮೈಕಿನ ಮುಂದೆ ಆಕಾಶ ನುಂಗುವಂತೆ ತೆರೆದ ಬಾಯಿ. ಕೆಳಗೆ ನಿನ್ನ ಹೆಸರು, ಅದರ ಮುಂದೆ: ‘ಮಕ್ಕಳ ನಾಟಕದ ಕತ್ತೆ. ಕೂಗು ನಿಲ್ಲಿಸಿ ಎಂದು ಮೂವರು ಕೇಳುಗರು ಬರೆದಿದ್ದಾರೆ. ಇನ್ನೂ ಕೂಗಿಸಿ ಎಂದು ಮಿಕ್ಕವರೆಲ್ಲ.’

ಚಿಕ್ಕಂದಿನಲ್ಲಿ ಈ ಕತೆಯನ್ನು ನಿನ್ನ ಬಾಯಲ್ಲಿ ಎಷ್ಟು ಕೇಳಿದರೂ ನಮಗೆ ಸಾಲುತ್ತಿರಲಿಲ್ಲ. ಆಮೇಲೆ ಅಕ್ಕನ ಮದುವೆ ಬಂತು. ನೀನು ನಾಟಕ ಮಾಡುವಾಗ ಇನ್ನೂ ತೊಟ್ಟಿಲಲ್ಲಿದ್ದ ಚಿಕ್ಕಪ್ಪ, ಬೀಗರ ಎದುರಿಗೆ “ನಮ್ಮಕ್ಕ ರೇಡಿಯೋ ಸ್ಟೇಷನ್ನಿಗೆ ಹೋಗಿದ್ದು ನಿಜ ಕಣ್ರೀ, ನೆಲ ಗುಡಿಸೋಕೆ!” ಅಂದುಬಿಟ್ಟ. ಸಾಕ್ಷಿ ಹೇಳಲು ಅಪ್ಪನೂ ಬದುಕಿರಲಿಲ್ಲ. ಎಲ್ಲರೂ ನಕ್ಕರು. ನೀನೂ ನಕ್ಕೆ. ಅಂದಿನಿಂದ ನೀನು ಆ ಕತೆಯ ಸುದ್ದಿಯನ್ನೇ ಎತ್ತಲಿಲ್ಲ.

ಆ ಪುಟವನ್ನು ಅಂದೇ ಇಂಟರ್‌ನೆಟ್ಟಿಗೆ ಹಾಕಿದೆ. ಮೊನ್ನೆ ಅದರ ಕೆಳಗೆ ಯಾರೋ ಬರೆದಿದ್ದರು: “ಆ ನಾಟಕದ ಕುಂಬಾರ ನಾನು. ನನ್ನ ಕತ್ತೆ ಎಲ್ಲಿದೆ? ಚೆನ್ನಾಗಿದೆಯಾ?” ಓದಿ, ನಕ್ಕು ನಕ್ಕು ಅತ್ತೆ, ಅತ್ತೆ!

ಚಿಕ್ಕಪ್ಪನಿಗೂ ತೋರಿಸಿದೆ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದ. “ನನ್ನ ನಾಲಿಗೆಗೆ ಏನು ಬಂದಿತ್ತೋ ಕಣೇ” ಎಂದ. ಈಗ ಸಿಕ್ಕಿದವರಿಗೆಲ್ಲ “ನಮ್ಮಕ್ಕ!” ಎಂದು ಫೋನು ಹಿಡಿಯುತ್ತಿದ್ದಾನಂತೆ. ನಿನ್ನ ಎದುರಿಗೆ ಬರಲು ಮಾತ್ರ ಅಳುಕು.

ಆ ನಾಟಕದ ಟೇಪು ಉಳಿದಿಲ್ಲ. ಅದರ ಮೇಲೆ ಇನ್ನೇನೋ ರೆಕಾರ್ಡ್ ಮಾಡಿಬಿಟ್ಟಿದ್ದಾರೆ. ಚಿತ್ರದ ಜೊತೆಗೆ ನಿನ್ನ ಕೂಗೂ ಇರಲಿ ಎನ್ನುತ್ತಾರೆ ನಮ್ಮ ಮೇಡಂ. ಶನಿವಾರ ನಮ್ಮ ಆಫೀಸಿನಲ್ಲೇ ರೆಕಾರ್ಡಿಂಗ್. ನಿನ್ನ ಕುಂಬಾರರೂ ಬರುತ್ತಾರೆ, ತಮ್ಮ ಮಾತೆಲ್ಲ ಬಾಯಿಪಾಠವಂತೆ. “ಈ ವಯಸ್ಸಲ್ಲಿ ಎಂಥ ಕೂಗೇ” ಅನ್ನಬೇಡ. ಹಲ್ಲಿನ ಸೆಟ್ಟು ತೆಗೆದಿಟ್ಟು ಕೂಗಿದರೂ ಸರಿಯೇ. ಕಾರು ತರುವವನು ಚಿಕ್ಕಪ್ಪ. ದಾರಿಯಲ್ಲಿ ಅವನನ್ನು ಚೆನ್ನಾಗಿ ಬೈದು, ಆಮೇಲೆ ಕ್ಷಮಿಸಿಬಿಡು.

ಬಾಗಿಲಲ್ಲೇ ಕಾಯುತ್ತಿರುತ್ತೇನೆ. ನಿನ್ನ ಗಂಟಲು ತಣ್ಣಗಿರಲಿ. ನಮ್ಮೆಲ್ಲರ ಕಿವಿಗಳನ್ನು ದೇವರು ಕಾಪಾಡಲಿ.

ಇಂತಿ,
ಕತ್ತೆಯ ಸೋದರ ಸೊಸೆ ಎಂದು ಬೀಗುತ್ತಿರುವ
ನಿನ್ನವಳು