ಕೊಕ್ಕೆ ಬಿಡಿಸುವ ಪಾಠ

ತಮ್ಮಾ,

ಇವತ್ತು ಹೊಸಬರಿಗೆ ನಮ್ಮ ನೌಕಾ ಕಾಲೇಜು ಹುಟ್ಟಿದ ಕಥೆ ಹೇಳಿದೆ. ನಿನಗೆ ಬಾಯಿಪಾಠವಾಗಿದ್ದದ್ದೇ. ದಡಕ್ಕೆ ಕಾಣುವಷ್ಟು ಹತ್ತಿರದಲ್ಲೇ ಒಂದು ಹಡಗು ಮುಳುಗಿತು. ರಕ್ಷಣಾ ದೋಣಿಗಳಿದ್ದವು, ಇಳಿಸಲು ಯಾರಿಗೂ ಬರುತ್ತಿರಲಿಲ್ಲ. ಸತ್ತವರ ಮನೆಯವರೇ ಸೇರಿ ಈ ಕಾಲೇಜು ಕಟ್ಟಿದರು. ಹಾಗಾಗಿ ಇಲ್ಲಿ ಮೊದಲ ಪಾಠ ಹಡಗು ನಡೆಸುವುದಲ್ಲ, ದೋಣಿ ಇಳಿಸುವುದು.

ಆಮೇಲಿನ ಅಭ್ಯಾಸದಲ್ಲಿ ಒಬ್ಬ ಹುಡುಗಿ, ದೋಣಿ ನೀರು ಮುಟ್ಟುವ ಮೊದಲೇ ಅದನ್ನು ಹಗ್ಗಕ್ಕೆ ತೂಗುಹಾಕಿದ ಕೊಕ್ಕೆ ಬಿಡಿಸಲು ಕೈ ಹಾಕಿದಳು; ಬಿಡಿಸಿದ್ದರೆ ದೋಣಿ ಜನರ ಸಮೇತ ಮೇಲಿಂದ ಬೀಳುತ್ತಿತ್ತು. ನಿನ್ನದೇ ಆತುರ. ಏಳು ಸಲ ಮಾಡಿಸಿದೆ. ಬೆನ್ನ ಹಿಂದೆ ನನ್ನನ್ನು ಕಲ್ಲುಮನಸ್ಸಿನವನು ಅನ್ನುತ್ತಾರೆ, ಅನ್ನಲಿ.

“ಸಾಕು ಸರ್, ಪಾಸ್ ಮಾಡಿಬಿಡಿ. ನಿಮ್ಮ ತಂಗಿ ಅಂದ್ಕೊಳ್ಳಿ,” ಅಂದಳು.

“ಅದಕ್ಕೇ ಇನ್ನೊಂದು ಸಲ ಮಾಡಮ್ಮಾ,” ಅಂದೆ.

ನೀನು ಎರಡನೇ ಸಲಕ್ಕೇ “ಸಾಕು ಬಿಡೋ ಅಣ್ಣಾ” ಅಂದಿದ್ದೆ. ನಾನು ನಕ್ಕು ಸಹಿ ಹಾಕಿದ್ದೆ.

ನೀನು ಹೋದ ಮೇಲೆ ನಿನ್ನ ಹಡಗಿನವರು ಕಳಿಸಿದ ವರದಿಯಲ್ಲಿ, ದೋಣಿ ನೀರು ಮುಟ್ಟುವ ಮೊದಲೇ ನೀನು ಕೊಕ್ಕೆ ಬಿಡಿಸಿದ್ದೆ ಅಂತಿತ್ತು. ಅಮ್ಮನಿಗೆ ಆ ಸಾಲು ಓದಿ ಹೇಳಲಿಲ್ಲ. ಅವಳು ನಿನ್ನ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿದ್ದಾಳೆ. ಮನೆಗೆ ಬಂದವರಿಗೆಲ್ಲ ತೋರಿಸಿ, “ನೋಡಿ, ಅವರಣ್ಣನೇ ಸಹಿ ಹಾಕಿರೋದು,” ಅನ್ನುತ್ತಾಳೆ.